ಕೊಳವೆಯೊಳಗಿನ ನೀಲಿ

ಇದನ್ನು ಹೇಳದೆ ಇಷ್ಟು ವರ್ಷ ಮುಂದೂಡುತ್ತ ಬಂದೆ. ನಿನ್ನೆ ಸಕ್ಕರೆ ಪರೀಕ್ಷೆಗೆಂದು ನನ್ನ ಬೆರಳಿಗೆ ಸ್ಪಿರಿಟ್ ಒರೆಸಿದಾಗ, ಆ ವಾಸನೆಗೆ ಕೈ ಹಿಂದಕ್ಕೆಳೆದುಕೊಂಡೆ.

ಕೋಣಂದೂರಿನ ನಮ್ಮ ಮನೆಯಲ್ಲಿದ್ದ ಸೋದರತ್ತೆ ಗಿರಿಜತ್ತೆಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಅವಳ ಮೂತ್ರದ ಎಂಟು ಹನಿಯನ್ನು ಗಾಜಿನ ಕೊಳವೆಯ ನೀಲಿ ಔಷಧಿಗೆ ಹಾಕಿ, ಸ್ಪಿರಿಟ್ ದೀಪದ ಮೇಲೆ ಕುದಿಸಿ, ಬಣ್ಣವನ್ನು ಪುಸ್ತಕದಲ್ಲಿ ಬರೆಯುವುದು ಆಗ ಹತ್ತು ವರ್ಷದವನಾಗಿದ್ದ ನನ್ನ ಕೆಲಸ. ನೀಲಿಯೇ ಉಳಿದರೆ ಸಕ್ಕರೆ ಇಲ್ಲ; ಇಟ್ಟಿಗೆಯಂತೆ ಕೆಂಪಾದರೆ ವಿಪರೀತ. ನನಗೆ ಹೇಸಿಗೆ. ಅವಳು ಮಂಚದಿಂದ ನೋಡುತ್ತಿರುವಾಗಲೇ ಒಂದು ತಿಂಗಳು ಮೂತ್ರದ ಬದಲು ಬಾವಿಯ ನೀರು ಹಾಕಿ ಕುದಿಸಿದೆ. ಕೊಳವೆ ದಿನವೂ ನೀಲಿ. ಅವಳ ಮೂತ್ರದ ಮಡಕೆ ಚೆಲ್ಲಿದಲ್ಲಿ ಮಾತ್ರ ಇರುವೆಗಳು ಕಪ್ಪಗೆ ಮುತ್ತುತ್ತಿದ್ದವು.

ಆ ತಿಂಗಳ ಕೊನೆಗೆ ಒಂದು ಮಧ್ಯಾಹ್ನ ಮನೆಗೆ ಬಂದ ತೀರ್ಥಹಳ್ಳಿಯ ಡಾಕ್ಟರು ಪುಸ್ತಕ ನೋಡಿ ನಕ್ಕರು. “ಏನಮ್ಮಾ, ಬರೀ ನೀಲಿ! ಇನ್ಸುಲಿನ್ ಅರ್ಧ ಮಾಡಾಣ.”

“ಚುಚ್ಚಿ ಚುಚ್ಚಿ ತೊಡೆ ಜರಡಿ ಆಗಿದೆ, ಕಮ್ಮಿ ಆದ್ರೆ ಪುಣ್ಯ. ಆದ್ರೆ ಡಾಕ್ಟ್ರೇ, ಕೊಡ ನೀರು ಕುಡಿದ್ರೂ ಬಾಯಾರ್ತದೆ. ಕಾಲ್ಮೇಲೆ ಇರುವೆ ಹರಿದ್ರೂ ಗೊತ್ತಾಗಲ್ಲ.”

“ಮತ್ತೆ ಪುಸ್ತಕ ಸುಳ್ಳು ಹೇಳ್ತದಾ?”

ಅತ್ತೆ ರೆಪ್ಪೆ ಮಿಟುಕಿಸದೆ ನನ್ನನ್ನೇ ನೋಡಿದಳು. ನನ್ನತ್ತ ಬಗ್ಗಿದಾಗ ಅವಳ ಉಸಿರಿಗೆ ಕೊಳೆತ ಹಣ್ಣಿನ ವಾಸನೆಯಿತ್ತು.

“ಇಲ್ಲಪ್ಪ,” ಎಂದು ನನ್ನ ತಲೆ ಸವರಿದಳು, “ನಮ್ಮ ಹುಡುಗ ಸುಳ್ಳು ಬರೆಯಲ್ಲ.”

ಅಂದಿನಿಂದ ಇನ್ಸುಲಿನ್ ಅರ್ಧವಾಯಿತು. ಹದಿನೈದನೆಯ ದಿನ ಅವಳು ನಿದ್ದೆಯಿಂದ ಏಳಲಿಲ್ಲ. ತಪ್ಪಾಯಿತು ಎನ್ನಲು ನನಗೆ ಆ ಹದಿನಾಲ್ಕು ದಿನವೂ ಇತ್ತು, ಗಿರಿಜತ್ತೆ.