ಉಯಿಲಿಗೆ ಸೇರದ ಮೋಡ

"ಇದೊಂದನ್ನ ಬರೆಯೋಕಾಗಲ್ಲ ಯಜಮಾನರೇ," ಎಂದು ವಕೀಲರು ಪೆನ್ನಿಗೆ ಮುಚ್ಚಳ ಹಾಕಿದರು. ಮನೆ ಹೆಂಡತಿಗೆ, ಬ್ಯಾಂಕಿನಲ್ಲಿರುವುದು ಮಗಳಿಗೆ, ಸ್ಪ್ಯಾನರ್ ಪೆಟ್ಟಿಗೆ ತನ್ನೊಡನೆ ದುಡಿದ ಗೆಳೆಯನಿಗೆ ಎಂದು ಅಲ್ಲಿಯವರೆಗೆ ಉಯಿಲು ಸಲೀಸಾಗಿ ಸಾಗಿತ್ತು. ತೊಡಕಾದದ್ದು ಹಾರಿದಷ್ಟಕ್ಕೂ ಲೆಕ್ಕ ಹಾಕಿ ವಿಮಾನ ಕಂಪನಿ ಕೊಡುವ ಪಾಯಿಂಟುಗಳಲ್ಲಿ. ಊರೂರಿಗೆ ಲಿಫ್ಟ್ ರಿಪೇರಿಗೆಂದು ಹಾರಾಡಿದ ಮೆಕ್ಯಾನಿಕ್‌ನ ಹೆಸರಿನಲ್ಲಿ ಅವು ಹನಿಗೂಡಿ ಹಳ್ಳವಾಗಿದ್ದವು. ಆದರೆ ಆ ಕಂಪನಿಯ ನಿಯಮದ ಪ್ರಕಾರ ಅವನ್ನು ಯಾರಿಗೂ ಬಿಟ್ಟುಹೋಗುವಂತಿಲ್ಲ. ಸದಸ್ಯ ತೀರಿಕೊಂಡರೆ ಅವೂ ತೀರಿದವು. ಬದುಕಿರುವಾಗ ಮಾತ್ರ ಅವುಗಳಿಂದ ಯಾರ ಹೆಸರಿಗಾದರೂ ಟಿಕೆಟ್ ತೆಗೆಸಬಹುದು.

ಮೆಕ್ಯಾನಿಕ್ ದಿಂಬಿಗೆ ಒರಗಿ ಕಿಟಕಿಯತ್ತ ನೋಡುತ್ತಿದ್ದ. ಔಷಧಿಯ ಮಂಪರಿನಲ್ಲಿ ಅವನ ಮಂಚ ಆಗಾಗ ನೆಲ ಬಿಟ್ಟು ಮೇಲೇಳುತ್ತಿತ್ತು, ಚೆನ್ನಾಗಿ ಎಣ್ಣೆ ಬಿಟ್ಟ ಲಿಫ್ಟಿನಂತೆ, ಸದ್ದಿಲ್ಲದೆ. ಮಂಚ ಕೆಳಗಿಳಿದ ಮೇಲೆ ಮಗಳ ಕಡೆ ತಿರುಗಿ, ಹಾಗಾದರೆ ನಿಮ್ಮಮ್ಮನ ಹೆಸರಿಗೆ ಈಗಲೇ ತೆಗೆಸಿಬಿಡು ಎಂದ.

ಹೆಂಡತಿ ಹತ್ತಿ ತುಂಬಿದ ರಜಾಯಿ ಹೊಲಿಯುವವಳು. ಕೆಲಸ ಮುಗಿಸಿ ಬಂದಾಗಲೆಲ್ಲ ಅವನು ಬೂಟು ಬಿಚ್ಚುತ್ತ ಅದನ್ನೇ ಹೇಳುತ್ತಿದ್ದ: ಮೇಲಿಂದ ನೋಡಿದರೆ ಮೋಡ ಥೇಟ್ ನೀನು ಹಿಂಜಿಟ್ಟ ಹತ್ತಿ ಕಣೇ. ಅವಳು ನಂಬುತ್ತಿರಲಿಲ್ಲ. ಮೋಡದ ಹೊಟ್ಟೆ ನೋಡಿದ್ದೇನೆ, ಬೆನ್ನನ್ನು ಯಾರು ಕಂಡರು ಎಂದು ನಗುತ್ತಿದ್ದಳು. ಕೆಲಸ ಬಿಟ್ಟಮೇಲೆ ಇಬ್ಬರೂ ಹೋಗಿ ನೋಡುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಕಾಯಿಲೆ ಬಂತು.

"ನಿಮ್ಮನ್ನ ಹಿಂಗೆ ಮಲಗಿಸಿ ನಾನ್ಯಾವ ಸೀಮೆ ಮೋಡ ನೋಡಲಿ?" ಎಂದಳು, ಸೂಜಿಗೆ ದಾರ ಪೋಣಿಸುತ್ತ.

"ಮನೆ ನಿನಗೆ ಸಿಗೋದು ನಾನು ಹೋದಮೇಲೆ. ಇದೊಂದನ್ನ ಕೈಯಾರೆ ಕೊಡಬಹುದು. ಇಸ್ಕೊಳ್ಳೇ."

ಮೋಡಕ್ಕಾಗಿ ಜಗಳ ಆಡಿದ ಕಕ್ಷಿದಾರರನ್ನು ಇದೇ ಮೊದಲು ನೋಡುತ್ತಿರುವುದು ಎಂದು ವಕೀಲರು ಎದ್ದರು. ಕೊನೆಗೆ ಅವಳು ಒಪ್ಪಿದಳು: ಬೆಳಗಿನ ವಿಮಾನಕ್ಕೆ ಹೋಗಿ ಸಂಜೆಯ ವಿಮಾನಕ್ಕೆ ಬಂದುಬಿಡುವುದು, ಅಪ್ಪನ ಪಕ್ಕ ಮಗಳು ಇರುವುದು. ಕಿಟಕಿ ಪಕ್ಕ ಕೂರು, ರೆಕ್ಕೆ ಅಡ್ಡ ಬರದ ಹಾಗೆ ನೋಡ್ಕೋ ಎಂದು ಅವನು ಹತ್ತು ಸಲ ಹೇಳಿ ಕಳಿಸಿದ. ಆ ದಿನವೆಲ್ಲ ಕಣ್ಣು ಮುಚ್ಚಿಕೊಂಡು, "ಈಗ ಮೇಲಿದ್ದಾಳೆ," ಎನ್ನುತ್ತಿದ್ದ. ಅವಳು ಹೋದ ಊರಿನ ನಿಲ್ದಾಣದ ಬೆಂಚಿನಲ್ಲಿ ಸುಮ್ಮನೆ ಕೂತಿರುವ ಹೊತ್ತಿನಲ್ಲೂ ಹಾಗೇ ಎಂದ. ಮಗಳು ತಿದ್ದಲು ಹೋಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವಳು ಬಂದು ಮಂಚದ ಕಾಲ್ದೆಸೆಯಲ್ಲಿ ಕೂತಳು.

"ಹೇಗಿತ್ತೇ?"

"ಯಾರಿಗ್ಗೊತ್ತು. ಹೋಗ್ತಾನೂ ಬರ್ತಾನೂ ಕಣ್ಣು ಮುಚ್ಚಿಕೊಂಡೇ ಇದ್ದೆ. ನೀವು ಎದ್ದಮೇಲೆ ಇಬ್ಬರೂ ಹೋಗಿ ನೋಡೋಣ. ಪಾಯಿಂಟು ಇನ್ನೂ ಇದಾವಂತಲ್ಲ."

ಅವನು, ನಿನ್ನಂಥ ಮೊಂಡಿಗೆ ಏನು ಕೊಟ್ಟರೂ ದಂಡ ಎಂದು ಗೋಡೆಯ ಕಡೆ ಹೊರಳಿದ.

ಮರುದಿನ ಅವಳು ಅವನಿಗೆಂದೇ ಹೊಸ ರಜಾಯಿಗೆ ಹತ್ತಿ ಹರಡಿದಳು. ನಿಂತ ನೀರಿನ ಹಾಗೆ ಸಮನಾಗಿ ಹರಡುವುದರಲ್ಲಿ ಅವಳ ಕೈಗೆ ಹೆಸರು. ಆದರೆ ಅಂದು ಅದು ಗುಡ್ಡಗುಡ್ಡವಾಗಿ ಎದ್ದಿತ್ತು, ನಡುವೆ ಉದ್ದಕ್ಕೆ ಡೊಂಕುಡೊಂಕಾಗಿ ತೆಳ್ಳಗಾಗಿತ್ತು. ಇದೇನಮ್ಮಾ ಉಬ್ಬುತಗ್ಗು ಎಂದಳು ಮಗಳು. ಅಮ್ಮ ತಲೆ ಎತ್ತದೆ, ಸುತ್ತ ಹೊಲಿಗೆ ಹಾಕಿ ಹಾಗೇ ಮುಗಿಸಿದಳು.

ಸಂಜೆ ಹೊದಿಸುವಾಗ ಅವನು ಅರೆನಿದ್ದೆಯಲ್ಲಿದ್ದ. ಬೋಲ್ಟು ತಡವಿ ತಡವಿ ಪಳಗಿದ ಅವನ ಬೆರಳು ರಜಾಯಿಯ ಮೇಲೆ ನಿಧಾನ ಏರಿತು, ಇಳಿಯಿತು, ಮತ್ತೆ ಏರಿತು. ತೆಳ್ಳಗಿದ್ದಲ್ಲಿ ಬಂದು ನಿಂತಿತು.

"ಇಲ್ಲಿ ಕೆಳಗೆ ನದಿ ಕಂಡಿರಬೇಕಲ್ವೇನೇ?"