ಮಗ್ಗದ ಮಾತು

"ಬಸ್ಸಿನ ಮೆಟ್ಟಿಲ ಹತ್ರ ನೀರು ಚೆಲ್ಲಬೇಡಿ ಅಂತ ಎಷ್ಟು ಸಲ ಹೇಳೋದು? ಯಾರಾದ್ರೂ ಜಾರಿ ಬಿದ್ರೆ?" ಇಟಲಿಗೆ ಹೊರಟ ಬಸ್ಸಿನ ಡ್ರೈವರ್ ರೇಗಿದ.

"ಹೋಗೋಳ ದಾರಿ ನೀರಿನ ಹಾಗೆ ಸಲೀಸಾಗಿ ಹರೀಲಿ ಅಂತ ಚೆಲ್ಲಿದ್ದು ಕಣಪ್ಪಾ. ನಿಮ್ಮಮ್ಮ ನಿಂಗೆ ಚೆಲ್ಲೋದಿಲ್ವಾ?" ಎನ್ನುತ್ತ ದೆಚ್ಕಾ ಖಾಲಿ ತಂಬಿಗೆಯನ್ನು ಚೀಲಕ್ಕೆ ಸೇರಿಸಿದಳು.

"ಚೆಲ್ಲೋದೇನು, ಬಾವೀನೇ ಸುರಿದಿದ್ದಾಳೆ," ಎಂದಳು ಹೊರಟು ನಿಂತಿದ್ದ ಕೆರಾ, ಒದ್ದೆಯಾದ ಬೂಟು ಒದರುತ್ತ. "ನಾನು ನೋಡ್ಕೋಬೇಕಾದ ಆ ಇಟಲಿ ಮುದುಕಿ ಬಾಗಿಲಲ್ಲೇ ವಾಪಸ್ ಕಳಿಸ್ತಾಳೆ."

"ಕಳಿಸಿದ್ರೆ ಒಳ್ಳೇದೇ ಆಯ್ತು."

"ಚಳಿಗಾಲಕ್ಕೆ ಸೌದೆ ನೀನು ತಂದು ಹಾಕ್ತೀಯೇನೇ?"

ದೆಚ್ಕಾ ಕೇಳಬೇಕೆಂದು ಬಂದದ್ದು ಒಂದೇ ಮಾತು. ಅದರ ಬದಲು, "ಕಿಟಕಿ ಪಕ್ಕ ಕೂತ್ಕೋ ಅಕ್ಕ," ಎಂದಳಷ್ಟೆ.

ಇಬ್ಬರೂ ಹಿಂದೆ ತಮ್ಮೂರು ಸ್ಲಿವೆನ್ನಿನ ಉಣ್ಣೆ ಗಿರಣಿಯಲ್ಲಿ ಎದುರುಬದುರು ಮಗ್ಗದಲ್ಲಿ ನೇಯುತ್ತಿದ್ದವರು. ರಷ್ಯಾದ ಸೈನಿಕರ ಕೋಟಿಗೆ ಬಟ್ಟೆ ನೇಯುವ ಆ ಅಬ್ಬರದಲ್ಲಿ ಕೂಗಿದರೂ ಕೇಳುತ್ತಿರಲಿಲ್ಲ. ಹೆಂಗಸರು ದನಿಯಿಲ್ಲದೆ, ಬರೀ ತುಟಿ ಆಡಿಸಿ ಮಾತಾಡುತ್ತಿದ್ದರು. ಗಂಡನ ಕುಡಿತ, ನಿಲ್ಲದೆ ಹೋದ ಬಸಿರು, ಎಲ್ಲವನ್ನೂ ದೆಚ್ಕಾ ಕೆರಾಳಿಗೆ ಹೇಳಿಕೊಂಡದ್ದು ಹಾಗೆಯೇ. ಆಮೇಲೆ ರಷ್ಯಾ ಕೊಳ್ಳುವುದು ನಿಂತಿತು, ಗಿರಣಿ ಮುಚ್ಚಿತು, ಮಗ್ಗಗಳು ಗುಜರಿಯಾಗಿ ತುರ್ಕಿಗೆ ಹೋದವು. ಅಂದಿನಿಂದ ಅಡುಗೆಮನೆಯಲ್ಲಿ ಎದುರೆದುರು ಕೂತರೆ ಬಾಯಿಗೆ ಬರುತ್ತಿದ್ದುದು ಮೆಣಸಿನಕಾಯಿಯ ರೇಟು, ಮೊಣಕಾಲು ನೋವು, ಇಲ್ಲವೇ ಜಗಳ. ಒಮ್ಮೆ ದೆಚ್ಕಾ ಮಗ್ಗದಷ್ಟೇ ಸದ್ದಾಗಲೆಂದು ರೇಡಿಯೋವನ್ನು ಪೂರ್ತಿ ಜೋರು ಮಾಡಿ ನೋಡಿದ್ದಳು. ಪಕ್ಕದ ಮನೆಯವನು ಗೋಡೆ ಗುದ್ದಿದ. ಇಬ್ಬರೂ ನಕ್ಕರು, ಅಲ್ಲಿಗೆ ಮುಗಿಯಿತು.

ಕೆರಾ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಳು. ಡ್ರೈವರ್ ಎಂಜಿನ್ ಚಾಲೂ ಮಾಡಿದ. ಹಳೆಯ ಬಸ್ಸು ನಿಂತಲ್ಲೇ ಗುಡುಗಿತು. ಗಾಜುಗಳು ಗಡಗಡ ಅದುರಿದವು. ಕಿಟಕಿಯಾಚೆ ಕೆರಾಳ ತುಟಿ ಅಲುಗಿತು.

'ಹೆದರಿಕೆ ಆಗ್ತಿದೆ ಕಣೇ.'

ದೆಚ್ಕಾಳ ತುಟಿ ತಾನಾಗಿಯೇ ತೆರೆದುಕೊಂಡಿತು. 'ನಂಗೂ.'

'ಆ ಮುದುಕಿಗೆ ಮೈ ತೊಳೀಬೇಕಂತೆ. ನಮ್ಮಮ್ಮನ ಮೈಯನ್ನೇ ತೊಳೀಲಿಲ್ಲ ನಾನು, ಪಾಳಿ ಪಾಳಿ ಅಂತ.'

'ನಿನ್ನ ಬಿಟ್ರೆ ನಂಗ್ಯಾರಿದ್ದಾರೆ ಅಕ್ಕ?'

'ಗೊತ್ತು. ಅದಕ್ಕೇ ನಿನ್ನೆ ನಿಮ್ಮನೆಗೆ ಬರಲಿಲ್ಲ.'

ದೆಚ್ಕಾ ಗಾಜಿಗೆ ಇನ್ನಷ್ಟು ಹತ್ತಿರ ಸರಿದಳು. 'ವಾಪಸ್ ಬರ್ತೀಯಾ? ನಿಜ ಹೇಳು.'

ಕೆರಾ ಬಾಯಿ ತೆರೆದಳು. ಅಷ್ಟರಲ್ಲಿ ಯಾರೋ ಪಾಸ್‌ಪೋರ್ಟ್ ಮರೆತು ಬಂದಿದ್ದಾರೆಂದು ಗೊತ್ತಾಗಿ, ಡ್ರೈವರ್ ಎಂಜಿನ್ ಆರಿಸಿಬಿಟ್ಟ.

ನಿಲ್ದಾಣವೆಲ್ಲ ಒಮ್ಮೆಲೇ ನಿಶ್ಶಬ್ದವಾಯಿತು. ಕೆರಾಳ ತುಟಿಗಳು ಕೂಡಿಕೊಂಡವು. ಅವಳು ಕಿಟಕಿಯ ಮೇಲಿನ ಪುಟ್ಟ ಗಾಜನ್ನು ಸರಿಸಿ ದೊಡ್ಡ ದನಿಯಲ್ಲಿ, "ಗಾಳಿ ಬೀಸ್ತಿದೆ, ತಲೆಗೆ ಬಟ್ಟೆ ಕಟ್ಕೊಳ್ಳೇ! ಮೂಗು ನೋಡು, ಟೊಮೇಟೋ ಆಗಿದೆ," ಎಂದಳು.

ದೆಚ್ಕಾ ಬಸ್ಸಿನ ಮುಂದಕ್ಕೆ ಓಡಿ, ಡ್ರೈವರನ ಬಾಗಿಲು ಬಡಿದಳು.

"ಎಂಜಿನ್ ಚಾಲೂ ಮಾಡಪ್ಪಾ, ನಿನ್ನ ದಮ್ಮಯ್ಯ."

ಅವನು ಸಿಗರೇಟು ಹಚ್ಚುತ್ತ ನಕ್ಕ. "ಏನಮ್ಮಾ, ಅವಳನ್ನ ಸಾಗಹಾಕೋಕೆ ಅಷ್ಟೊಂದು ಅವಸರವಾ?"