ಚಿಕಾಗೋಗೆ ಕೊನೆಯ ಸುತ್ತು

"ಅತ್ತೆ, ಈ ಸಲ ನಂಗೆ ಬಿಳೀದು ಕೊಡು," ಎಂದಳು ವರ್ಲೀನ್.

ಮೈದಾನದ ಅಂಚಿಗೆ ಕುರ್ಚಿ ಹಾಕಿ ಕೂತಿದ್ದ ಓಜೆಲ್ಲತ್ತೆಯ ಕೈ ಹೂವಿನ ಬುಟ್ಟಿಯ ಮೇಲೆ ಅಲ್ಲೇ ನಿಂತಿತು. ಬೆರಳುಗಳ ನಡುವೆ ಆಗಲೇ ಒಂದು ಕೆಂಪು ಹೂವಿತ್ತು. ತಾಯಂದಿರ ದಿನ ಅವರ ಚರ್ಚಿನ ಹೆಂಗಸರು ಎದೆಯ ಮೇಲೆ ಹೂವಿಲ್ಲದೆ ಹೊರಬೀಳುವವರಲ್ಲ. ತಾಯಿ ಬದುಕಿದ್ದರೆ ಕೆಂಪು, ತೀರಿಕೊಂಡಿದ್ದರೆ ಬಿಳಿ. ಏಳು ವರ್ಷದ ವರ್ಲೀನಳನ್ನು ಪಕ್ಕದ ಮನೆಯಿಂದ ಕೈಹಿಡಿದು ಕರೆತಂದು ಸಾಕಿದವಳು ಈ ಮಕ್ಕಳಿಲ್ಲದ ಓಜೆಲ್ಲ. ಅಂದಿನಿಂದ ಇಂದಿನವರೆಗೆ, ಹುಡುಗಿಯ ತಲೆ ಅರ್ಧ ನರೆತರೂ, ಪ್ರತಿ ವರ್ಷ ಅವಳಿಗೆ ಕೆಂಪು ಹೂವು ಚುಚ್ಚುತ್ತ ಬಂದವಳೂ ಅವಳೇ.

"ಯಾಕೆ? ಏನಾದ್ರೂ ಸುದ್ದಿ ಬಂತಾ?" ಮುದುಕಿ ಕೇಳಿದಳು.

"ಸುದ್ದಿ ಎಲ್ಲಿಂದ ಬರುತ್ತೆ? ಇವತ್ತು ಚಿಕಾಗೋ ಮುಟ್ತೀವಲ್ಲ, ಅದಕ್ಕೆ."

ಶಾಲೆಯ ಮೈದಾನದ ಗೋಡೆಗೆ ಒಂದು ನಕ್ಷೆ ಅಂಟಿಸಿದ್ದರು. ಮಿಸಿಸಿಪ್ಪಿಯ ತಮ್ಮ ಸಣ್ಣ ಊರಿನಿಂದ ಹೊರಟ ನೀಲಿ ದಾರ ಚಿಕಾಗೋದ ಹೊಸ್ತಿಲಿಗೆ ಬಂದು ನಿಂತಿತ್ತು. ಈಸ್ಟರ್ ಹಬ್ಬದಿಂದ ಹೆಂಗಸರೆಲ್ಲ ಇದೇ ಮೈದಾನ ಸುತ್ತುತ್ತಿದ್ದರು. ಬಿಳಿಯರ ಮನೆಯ ಬಟ್ಟೆ ಒಗೆದು, ಅವರ ಮಕ್ಕಳನ್ನು ಎತ್ತಿ ಆಡಿಸಿ ಸವೆದುಹೋದ ಕಪ್ಪು ತಾಯಂದಿರ ಗೌರವಕ್ಕೆ, ಅವರು ಕೆಲಸ ಹುಡುಕಿಕೊಂಡು ಹೋದ ದಾರಿಯಷ್ಟನ್ನೂ ಎಲ್ಲರೂ ಸೇರಿ ನಡೆದು ಮುಗಿಸಬೇಕೆಂದು ಪಂಥ. ಎಲ್ಲರ ನಡಿಗೆಯನ್ನೂ ಕೂಡಿಸಿ ದಿನಾ ಸಂಜೆ ದಾರ ಮುಂದೆ ಸರಿಸುವವಳು ಲುವೀನಿಯಾ. ಅವಳ ಬಾಯಿಗೆ ಮೈಕು ಬೇಕಾಗಿರಲಿಲ್ಲ. "ಹರಟೆ ಹೊಡೀತಾ ಕೂತ್ರೆ ಚಿಕಾಗೋ ಇರ್ಲಿ, ದಾರೀಲಿರೋ ಮೆಂಫಿಸ್ಸೂ ದಾಟಲ್ಲ, ಎದ್ದೇಳ್ರೇ!" ಎಂದು ಅವಳು ಗದರಿದರೆ ಮೊಣಕಾಲು ನೋವಿನವರೂ ಎದ್ದು ಕುಂಟುತ್ತಿದ್ದರು.

ವರ್ಲೀನಳಷ್ಟು ಮಾತ್ರ ಯಾರೂ ನಡೆದಿರಲಿಲ್ಲ. ಮೀನಿನ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಬಂದ ಕಾಲಲ್ಲೇ ಸುತ್ತು ಹಾಕುತ್ತಿದ್ದಳು. ಇವಳಿಗೆ ಏಳು ವರ್ಷವಿದ್ದಾಗ ಅಮ್ಮ ದಾರಿಗೆಂದು ಶೂ ಡಬ್ಬಿಯಲ್ಲಿ ಹುರಿದ ಕೋಳಿ ಕಟ್ಟಿಕೊಂಡು ಚಿಕಾಗೋದ ಬಸ್ಸು ಹತ್ತಿದ್ದಳು. "ಮನೆ ಸಿಕ್ಕ ಕೂಡ್ಲೇ ನಿನ್ನ ಕರೆಸ್ಕೋತೀನಿ," ಎಂದು ಕಿಟಕಿಯಿಂದ ಒಂದು ತುಂಡು ಇವಳ ಕೈಗಿತ್ತು ಹೋದವಳು ಮತ್ತೆ ಪತ್ತೆಯಿಲ್ಲ. ಈಗ ದಾರ ಬೆರಳಷ್ಟು ಸರಿದರೂ ಅಮ್ಮ ಅಷ್ಟು ಹತ್ತಿರವಾದಂತೆ ವರ್ಲೀನಳ ಎದೆ ಹಿಗ್ಗುತ್ತಿತ್ತು. ನಿನ್ನೆ ಸಂಜೆ ಮಾತ್ರ, ಇಷ್ಟು ನಡೆದು ಹೋಗಿ ಮುಟ್ಟಿದ ಮೇಲೆ ಅಲ್ಲಿ ಬಾಗಿಲು ತೆಗೆಯುವವರು ಯಾರು ಎಂದು ಯಾಕೋ ಅನ್ನಿಸಿಬಿಟ್ಟಿತು. ರಾತ್ರಿ ಊಟ ಸೇರಲಿಲ್ಲ.

"ಕಾದು ಕಾದು ಸಾಕಾಯ್ತು ಅತ್ತೆ. ಬದುಕಿದ್ದಿದ್ರೆ ಒಂದು ಮಾತು ಹೇಳಿ ಕಳಿಸ್ತಿರ್ಲಿಲ್ವಾ? ಇವತ್ತು ಕೊನೇ ಸುತ್ತು ಹಾಕಿ ಅವಳನ್ನ ಅಲ್ಲೇ ಬಿಟ್ಟು ಬಂದ್ಬಿಡ್ತೀನಿ."

ಓಜೆಲ್ಲತ್ತೆ ಕೆಂಪು ಹೂವನ್ನು ಮಡಿಲಲ್ಲಿಟ್ಟುಕೊಂಡು ಬುಟ್ಟಿಯಿಂದ ಬಿಳಿಯದೊಂದನ್ನು ಆರಿಸಿದಳು. ವರ್ಲೀನ್ ಕುರ್ಚಿಯ ಮುಂದೆ ಬಗ್ಗಿದಳು.

"ಗದ್ದ ಮೇಲೆತ್ತು, ಚುಚ್ಚೀತು," ಎಂದಳು ಮುದುಕಿ, ಪ್ರತಿ ವರ್ಷ ಹೇಳುವ ಹಾಗೆಯೇ. ಪಿನ್ನು ಹಾಕಲು ಹೊತ್ತು ಹಿಡಿಯಿತು.

ಅತ್ತ ಮೈದಾನದಿಂದ ಲುವೀನಿಯಾ ಕೂಗಿದಳು. "ಏ ವರ್ಲೀನ್! ಕೊನೇ ಸುತ್ತು ನಿಂಗೇ ಅಂತ ಇಟ್ಟಿದೀವಿ ಕಣೇ. ಚಿಕಾಗೋದವ್ರು ಬಾಗಿಲಲ್ಲಿ ನಿಂತು ಕಾಯ್ತಿದಾರೆ, ಬೇಗ ಬಾ!"

ಹೆಂಗಸರು ಗೊಳ್ಳೆಂದು ನಕ್ಕರು. ವರ್ಲೀನ್ ಹೊರಟವಳು ನಾಲ್ಕು ಹೆಜ್ಜೆ ಇಟ್ಟು ಹಿಂತಿರುಗಿ ನೋಡಿದಳು. ಓಜೆಲ್ಲತ್ತೆ ಮಡಿಲಿನ ಕೆಂಪು ಹೂವನ್ನು ಬುಟ್ಟಿಗೆ ಹಾಕಿರಲಿಲ್ಲ. ಅದರ ಎಸಳುಗಳನ್ನು ಒಂದೊಂದಾಗಿ ಸರಿಪಡಿಸುತ್ತ ಕೂತಿದ್ದಳು.

ವರ್ಲೀನ್ ಅಲ್ಲೇ ನಿಂತಳು. ಚಿಕ್ಕಂದಿನಲ್ಲಿ ಆ ಕೆಂಪು ಹೂವೇ ಅವಳಿಗೆ ಅಮ್ಮನ ಕಡೆಯ ಸುದ್ದಿ. ಅತ್ತೆಗೆ ಗುಟ್ಟಾಗಿ ಏನೋ ತಿಳಿದಿದೆ, ಇಲ್ಲದಿದ್ದರೆ ಕೆಂಪು ಯಾಕೆ ಚುಚ್ಚುತ್ತಾಳೆ ಎಂದುಕೊಂಡು, ಅಷ್ಟನ್ನೇ ನೆಚ್ಚಿಕೊಂಡು ಇನ್ನೊಂದು ವರ್ಷ ತಳ್ಳುತ್ತಿದ್ದಳು. ಎಂದೂ ಬಾಯಿಬಿಟ್ಟು ಕೇಳಿರಲಿಲ್ಲ, ಇಲ್ಲವೆಂದುಬಿಟ್ಟಾಳೆಂಬ ಭಯ. ಈಗ ಓಡಿಬಂದು ಕುರ್ಚಿಯ ಕೈ ಹಿಡಿದು ಕುಕ್ಕರುಗಾಲಲ್ಲಿ ಕೂತಳು.

"ಅತ್ತೆ, ನಿಜ ಹೇಳು. ಇಷ್ಟು ವರ್ಷ ತಪ್ಪದೆ ಕೆಂಪೇ ಚುಚ್ಚಿದೀಯ. ಅವಳು ಬದುಕಿದಾಳೆ ಅಂತ ನಿಂಗೆ ಗೊತ್ತಿತ್ತು, ಅಲ್ವಾ?"

ಓಜೆಲ್ಲತ್ತೆ ಹೂವಿನಿಂದ ಕಣ್ಣೆತ್ತಲಿಲ್ಲ.

"ಅವಳು ಬದುಕಿದಾಳೋ ಇಲ್ವೋ ನಂಗೇನು ಗೊತ್ತು ಮಗಾ," ಎಂದಳು. "ನಾನು ಬದುಕಿದೀನಿ ಅನ್ನೋದಷ್ಟೇ ಗೊತ್ತಿತ್ತು."